ಎರಡರ ಮಗ್ಗಿ ಮತ್ತು ಗೇರಿನ ಪೆಟ್ಟಿಗೆ

ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಅಧಿಕಾರ ನನಗಿಲ್ಲ. ಆ ಅಧಿಕಾರವನ್ನು ನನ್ನ ಹೆಂಡತಿ ಕಿತ್ತುಕೊಂಡು ಮೂರು ವರ್ಷವಾಯಿತು. ಕಾರಣ ಇಷ್ಟೇ: ಹಣೆಯ ಮೇಲೆ ಅಂಗೈ ಇಟ್ಟೊಡನೆ ನನ್ನ ತುಟಿಗಳು ತಾವಾಗಿಯೇ "ಎರಡೊಂದಲೆ ಎರಡು, ಎರಡೆರಡಲೆ ನಾಲ್ಕು" ಎಂದು ಮಗ್ಗಿ ಹೇಳತೊಡಗುತ್ತವೆ. ಒಮ್ಮೆ ಪಕ್ಕದ ಮನೆಯ ಅಜ್ಜಿ ಇದನ್ನು ನೋಡಿ, ನಾನು ಯಾವುದೋ ಮಂತ್ರ ಹಾಕುತ್ತಿದ್ದೇನೆಂದು ತಿಳಿದು, ಕೆಮ್ಮುವ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದುಬಿಟ್ಟಳು. "ಮಂತ್ರಾ ಇಲ್ಲ, ತಂತ್ರಾ ಇಲ್ಲ. ಇವರಿಗೆ ಲಾರಿ ಹುಚ್ಚು ಇನ್ನೂ ಬಿಟ್ಟಿಲ್ರಿ," ಎಂದು ಹೆಂಡತಿ ಆಕೆಯನ್ನು ಸಾಗಹಾಕಿದಳು. ಹೇಳಿದ್ದು ಅರ್ಧ ನಿಜ. ಹುಚ್ಚು ಬಿಟ್ಟು ಬಹಳ ದಿನವಾಯಿತು. ಉಳಿದಿರುವುದು ಬೇರೆ, ಅದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಅದು ಯುದ್ಧದ ಕಾಲ. ನನ್ನ ಮನೆ ಹುಬ್ಬಳ್ಳಿಯಲ್ಲಿ, ಕಲಿಸುವ ಸಾಲೆ ಧಾರವಾಡದಲ್ಲಿ. ರೈಲಿನ ಡಬ್ಬಿಗಳ ತುಂಬ ಸಿಪಾಯಿಗಳು, ಮಾಸ್ತರನಿಗೆ ಒಂದು ಕಾಲೂರಲೂ ಜಾಗವಿರುತ್ತಿರಲಿಲ್ಲ. ಉಳಿದದ್ದು ಬಸ್ಸು. ಪೆಟ್ರೋಲ್ ಸಿಗದೆ ಅದರ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಆ ಒಲೆಯ ಗ್ಯಾಸಿನಿಂದ ಅದು ಓಡಬೇಕು. ಸಪಾಟು ದಾರಿಯಲ್ಲಿ ಹೇಗೋ ಓಡುತ್ತಿತ್ತು. ರಾಯಾಪುರ ದಾಟಿ ಧಾರವಾಡದ ಏರು ಕಂಡಿತೆಂದರೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಆಮೇಲೆ ಹುಬ್ಬಳ್ಳಿಯಿಂದ ಮಕ್ತುಮಸಾಬ ಮೇಸ್ತ್ರಿಯವರ ಹಳೆಯ ಲಾರಿ ಬಂದು, ಸರಪಳಿ ಕಟ್ಟಿ, ಅದನ್ನು ಮಂದಿಯ ಸಮೇತ ಮೇಲಕ್ಕೆ ಎಳೆಯಬೇಕು. ಲಾರಿಗೆ ಮಾತ್ರ ಪರ್ಮಿಟ್ಟಿನ ಮೇಲೆ ಒಂದಿಷ್ಟು ಪೆಟ್ರೋಲ್ ದೊರೆಯುತ್ತಿತ್ತು. ಮೇಸ್ತ್ರಿಯವರ ಗ್ಯಾರೇಜು ನಮ್ಮ ಓಣಿಯ ಕೊನೆಯಲ್ಲೇ. ಕೆಡುವುದು ಖಾತ್ರಿಯಿದ್ದ ಬಸ್ಸನ್ನು ಹತ್ತಿ ಹೊಗೆ ಕುಡಿಯುವ ಬದಲು, ಅದನ್ನು ಎಳೆಯಲು ಹೋಗುವ ಲಾರಿಯಲ್ಲೇ ಕೂತರಾಯಿತು ಎಂದು ನಾನು ಲೆಕ್ಕ ಹಾಕಿದೆ. ಗಣಿತದ ಮಾಸ್ತರ ನೋಡಿ.

ಎಳೆಯುವ ಗಾಡಿಯ ಕಷ್ಟ ಎಳೆಸಿಕೊಳ್ಳುವವರಿಗೆ ತಿಳಿಯುವುದಿಲ್ಲ. ತನ್ನ ಭಾರದ ಜೊತೆಗೆ ಇನ್ನೊಂದು ಗಾಡಿಯ ಭಾರವನ್ನೂ ಹೊತ್ತು, ಸಣ್ಣ ಗೇರಿನಲ್ಲಿ ಏರು ಹತ್ತುವಾಗ ಗೇರಿನ ಪೆಟ್ಟಿಗೆಯೊಳಗೆ ಚಕ್ರಗಳ ಹಲ್ಲಿಗೆ ಹಲ್ಲು ತಿಕ್ಕಿ ಕಾವು ಹುಟ್ಟುತ್ತದೆ. ಕಾವಿಗೆ ಎಣ್ಣೆ ನೀರಾಗುತ್ತದೆ. ಎಣ್ಣೆ ನೀರಾದರೆ ಹಲ್ಲುಗಳು ಒಂದನ್ನೊಂದು ತಿನ್ನುತ್ತವೆ. ಆಗ ಹೊಸ ಎಣ್ಣೆಯಾದರೂ ಎಲ್ಲಿತ್ತು? ಹಳೆಯದನ್ನೇ ಅರಿವೆಯಲ್ಲಿ ಸೋಸಿ ಮತ್ತೆ ಹಾಕುತ್ತಿದ್ದರು. ಆದ್ದರಿಂದ ಪೆಟ್ಟಿಗೆ ಎಷ್ಟು ಕಾದಿದೆ ಎಂಬುದನ್ನು ದಾರಿಯುದ್ದಕ್ಕೂ ನೋಡುತ್ತಲೇ ಇರಬೇಕು. ಅದಕ್ಕಾಗಿ ಮೇಸ್ತ್ರಿಯವರು ಲಾರಿಯ ನೆಲದ ಹಲಗೆಯಲ್ಲಿ ಒಂದು ಚೌಕ ಕೊಯ್ದು ಮುಚ್ಚಳ ಮಾಡಿದ್ದರು. ಮುಚ್ಚಳ ಎತ್ತಿದರೆ ಕೆಳಗೆ ಪೆಟ್ಟಿಗೆಯ ಕರಿ ಕಬ್ಬಿಣ.

"ನಮ್ಮ ಸಾಲಿಯೊಳಗ ಥರ್ಮಾಮೀಟರ್ ಅಂತ ಒಂದ ಇತ್ತು ಮೇಸ್ತ್ರಿ, ಅದನ್ನ ಇಟ್ಟು ನೋಡಬಹುದು," ಎಂದು ನಾನು ಒಮ್ಮೆ ಪಾಂಡಿತ್ಯ ತೋರಿಸಿದೆ. "ಇತ್ತು" ಎಂದದ್ದು ಸರಿಯಾಗಿಯೇ ಇತ್ತು. ಅದು ಒಡೆದು ಎರಡು ವರ್ಷವಾಗಿತ್ತು.

ಅವರು ನಕ್ಕರು. "ಕಾಜಿನ ಕಡ್ಡಿ ಇಲ್ಲಿ ಬದುಕೂದಿಲ್ರಿ ಮಾಸ್ತರ. ಅಂಗೈ ಇಡ್ರಿ. ಹತ್ತು ಎಣಸೂತನಕ ತಡದರ ಗಾಡಿ ಹೋಗಲಿ. ಐದಕ್ಕ ಸುಟ್ಟು ಕೈ ಎದ್ದು ಬಂದರ ಸಾವಕಾಶ ಹೋಗೂದು. ಮೂರಕ್ಕ ಬಂದರ ನಿಲ್ಲಸೂದು, ನೆರಳಾಗ ಅರ್ಧಾ ತಾಸು ಕೂಡೂದು. ನೀರ ಮಾತ್ರ ಹಾಕಬಾರದು. ಕಾದ ಕಬ್ಬಿಣಕ್ಕ ನೀರು, ಕಾದ ಮನಷ್ಯಾಗ ಬುದ್ಧಿಮಾತು, ಎರಡೂ ಸೀಳತಾವ."

ಹುಬ್ಬಳ್ಳಿಯ ಗ್ಯಾರೇಜುಗಳಲ್ಲೆಲ್ಲ ಮಕ್ತುಮಸಾಬರ ಅಂಗೈಗೆ ದೊಡ್ಡ ಹೆಸರಿತ್ತು. ಬೇರೆ ಡ್ರೈವರುಗಳು ತಮ್ಮ ಗಾಡಿ ತಂದು, "ಒಂದೀಟು ಕೈ ಇಟ್ಟು ಹೇಳ್ರಿ," ಎಂದು ಕಾಯುತ್ತಿದ್ದರು. ಕೈಯ ವಿದ್ಯೆಯೇ ಹಾಗೆ. ವೈದ್ಯ ನಾಡಿ ಹಿಡಿದು ಹೇಳುತ್ತಾನೆ. ನನ್ನ ಹೆಂಡತಿ ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅದು ಚುಂಯ್ ಎನ್ನುವ ರೀತಿಯಲ್ಲೇ ರೊಟ್ಟಿ ಹಾಕುವ ಹೊತ್ತು ಬಂತೋ ಇಲ್ಲವೋ ತಿಳಿಯುತ್ತಾಳೆ. ಕೈಯ ರೇಖೆ ನೋಡಿ ಭವಿಷ್ಯ ಹೇಳುವವರನ್ನು ನಾನು ನಂಬುವುದಿಲ್ಲ. ಆದರೆ ಅಂಗೈಯಿಂದಲೇ ಮುಂದಿನ ಎರಡು ಮೈಲಿಯ ಭವಿಷ್ಯ ಹೇಳುವವರನ್ನು ಕಣ್ಣಾರೆ ಕಂಡಿದ್ದೇನೆ.

ಅಂಥವರು ಒಂದು ದಿನ ನನಗೆ, "ನಿಮ್ಮ ಕೈ ಮೆತ್ತಗೈತ್ರಿ, ಹಲಗಿ ಮ್ಯಾಲ ಬರಿಯೂ ಖಡು ಹಿಡದ ಕೈ. ನೀವು ಇಟ್ಟು ನೋಡ್ರಿ, ಕಲೀರಿ," ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಹತ್ತು ಎಣಿಸುವ ಬದಲು ನನ್ನ ಕಸುಬಿಗೆ ತಕ್ಕಂತೆ ಎರಡರ ಮಗ್ಗಿ ಹಿಡಿದೆ. ಎರಡು ಹತ್ತಲೆ ಇಪ್ಪತ್ತಕ್ಕೆ ಮುಟ್ಟಿದರೆ ಗಾಡಿ ಹೋಗಬಹುದು. ಅಂದಿನಿಂದ ದಿನವೂ ಅವರು ಮುಚ್ಚಳ ಎತ್ತುವುದು, ನಾನು ಕೈ ಇಟ್ಟು ಮಗ್ಗಿ ಹೇಳುವುದು, ಅವರು ರಸ್ತೆ ನೋಡುತ್ತಾ ಕೇಳುವುದು. ಸಾಲೆಯಲ್ಲಿ ಸಹೋದ್ಯೋಗಿಗಳ ಮುಂದೆ, ಮಕ್ತುಮಸಾಬರ ಶಿಷ್ಯನಾಗಿದ್ದೇನೆಂದು ಜಂಬ ಕೊಚ್ಚಿಕೊಂಡೆ.

ಹೀಗೆ ಮಳೆಗಾಲ ಕಳೆದು ಬಿಸಿಲು ಬಂತು. ಅವತ್ತು ಸಾಲೆಗೆ ಇನ್ಸ್‌ಪೆಕ್ಟರ ಸಾಹೇಬರು ಬರುವವರಿದ್ದರು. ನನ್ನ ವರ್ಗವೇ ಮೊದಲು. ಬಸ್ಸನ್ನು ಕಟ್ಟಿಕೊಂಡು ಸ್ವಲ್ಪ ದೂರ ಹತ್ತಿದ್ದೆವು, ಮುಖ್ಯ ಏರು ಇನ್ನೂ ಮುಂದಿತ್ತು. ಮೇಸ್ತ್ರಿಯವರು ಗಾಡಿ ನಿಲ್ಲಿಸಿ ಮುಚ್ಚಳ ಎತ್ತಿದರು. ನಾನು ಕೈ ಇಟ್ಟೆ. ಎರಡ್ಮೂರಲೆ ಆರಕ್ಕೆ ಅಂಗೈ ಉರಿಯೆಂದು ಬಾಯಿ ಬಿಟ್ಟಿತು. ನಿಲ್ಲಿಸಿ ಎಂದರೆ ಅರ್ಧ ತಾಸು ಹೋಯಿತು. ಸಾಹೇಬರ ಮುಖ ಕಣ್ಣ ಮುಂದೆ ಬಂತು. ಆಗ ನಾನು ಮಾಡಿದ್ದನ್ನು ನನ್ನ ವರ್ಗದ ಹುಡುಗರು ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಉಳಿದ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಓಡಿಸಿ, ಇಪ್ಪತ್ತು ಎಂದು ಕೈ ಕಿತ್ತುಕೊಂಡು, "ಹತ್ತಕ್ಕ ಮುಟ್ಟಿತು ಮೇಸ್ತ್ರಿ, ಹೋಗಲಿ," ಎಂದೆ.

ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೂ ಬಗ್ಗಿ ಅಂಗೈ ಇಟ್ಟರು. ಮುಖದಲ್ಲಿ ಏನೂ ಇಲ್ಲ. ಬಹಳ ಹೊತ್ತು ಇಟ್ಟು, ತೆಗೆದು, ತಲೆಯಾಡಿಸಿ ಗಾಡಿ ಬಿಟ್ಟರು. ಗುರುಗಳ ಕೈಯೇ ಒಪ್ಪಿತೆಂದರೆ ನನ್ನದು ಬರೀ ಮೆತ್ತನೆಯ ಕೈ ಎಂದುಕೊಂಡೆ. ಮನಸ್ಸು ಹಗುರವಾಯಿತು.

ಏರಿನ ನಡುವೆ ಮೊದಲು ಸುಟ್ಟ ಎಣ್ಣೆಯ ವಾಸನೆ ಬಂತು. ಆಮೇಲೆ ಪೆಟ್ಟಿಗೆಯೊಳಗಿಂದ ಬೀಸುವ ಕಲ್ಲಿಗೆ ಹರಳು ಸಿಕ್ಕಂಥ ಸಪ್ಪಳ. ಆಮೇಲೆ ಏನೂ ಇಲ್ಲ. ಲಾರಿ ನಿಂತಿತು, ಬಸ್ಸು ನಿಂತಿತು. ಮಂದಿ ಇಳಿದು ಬೈಯುತ್ತಾ ಧಾರವಾಡದ ಕಡೆ ನಡೆಯತೊಡಗಿದರು. ಮೇಸ್ತ್ರಿಯವರು ಮುಖದ ಬೆವರು ಒರೆಸಲು ಬಲಗೈ ಎತ್ತಿದರು. ಅಂಗೈಯ ತುಂಬ ಬೊಬ್ಬೆ. ಒಂದು ಕಡೆ ಚರ್ಮ ಸುಲಿದು ತೂಗುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, ಆಮೇಲೆ ತಮ್ಮ ಕೈ ನೋಡಿಕೊಂಡರು. ಮೆಲ್ಲಗೆ ಅದನ್ನು ಅಂಗಿಯ ಕಿಸೆಗೆ ಇಳಿಸಿದರು.

"ಕೈ ಸತ್ತು ಒಂದ ವರ್ಷ ಆತ್ರಿ," ಎಂದರು. "ಬಿಸಿ ಇಲ್ಲ, ಥಂಡಿ ಇಲ್ಲ. ಯಾರ ಮುಂದನೂ ಹೇಳಬ್ಯಾಡ್ರಿ ಮಾಸ್ತರ. ಮಂದಿ ಇದಕ್ಕ ಒಂದ ಹೆಸರ ಇಡತಾರ, ಆಮ್ಯಾಲ ನಮ್ಮ ಮನ್ಯಾಗಿನ ನೀರೂ ಯಾರೂ ಕುಡಿಯೂದಿಲ್ಲ."

ಕುಷ್ಠ ಎಂಬ ಆ ಹೆಸರನ್ನು ಅವರು ಬಾಯಿಂದ ತೆಗೆಯಲಿಲ್ಲ. ಆಗ ನನಗೆ ತಿಳಿಯಿತು. ನಾನು ಶಿಷ್ಯನಾಗಿರಲಿಲ್ಲ. ಅಷ್ಟು ದಿನ ನಾನು ಅವರ ಅಂಗೈಯಾಗಿದ್ದೆ. ಆ ಅಂಗೈ ಸುಳ್ಳು ಹೇಳಿತ್ತು. ಇನ್ನೊಂದು ಮಾತು: ಅವತ್ತು ಇನ್ಸ್‌ಪೆಕ್ಟರ ಸಾಹೇಬರು ಬರಲೇ ಇಲ್ಲ.

ಯುದ್ಧದಲ್ಲಿ ಗೇರಿನ ಹಲ್ಲು ಎಲ್ಲಿಂದ ಸಿಗಬೇಕು? ಲಾರಿ ಗ್ಯಾರೇಜಿನ ಬೇವಿನ ಗಿಡದ ಕೆಳಗೆ ನಿಂತೇ ಹೋಯಿತು. ಬಸ್ಸಿನವರು ಕೇಳಿದಾಗ ಮೇಸ್ತ್ರಿಯವರು, "ನನ್ನ ಕೈ ತಪ್ಪಿತ್ರಿ," ಎಂದಷ್ಟೇ ಹೇಳಿದರು. ಎಳೆಯುವ ಕೆಲಸ ಬೇರೆಯವರ ಪಾಲಾಯಿತು. ಗ್ಯಾರೇಜಿಗೆ ಕೈ ಇಡಿಸಲು ಬರುವವರೂ ನಿಂತರು. ಊರಿನ ಅತ್ಯಂತ ನಂಬಿಕೆಯ ಅಂಗೈಯವರು ಸೈಕಲ್ಲಿನ ಟ್ಯೂಬಿಗೆ ತೇಪೆ ಹಚ್ಚುತ್ತಾ ಕೂತರು. ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಮೇಸ್ತ್ರಿಯವರ ಗುಟ್ಟು ರಟ್ಟಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಅನುಕೂಲದ ದಯೆ! ಅವರ ಮಾನದ ಹಿಂದೆ ನನ್ನ ಹೇಡಿತನ ಅಡಗಿ ಕೂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರಾದರೂ ಲಾರಿ ಎಂದರೆ ನಾನು ಅಂಗೈ ಮುಚ್ಚಿಕೊಳ್ಳುತ್ತಿದ್ದೆ. ಗ್ಯಾರೇಜು ತಪ್ಪಿಸಲು ಸುತ್ತುಬಳಸಿನ ಓಣಿ ಹಿಡಿದೆ, ಒಂಟಿ ಕಾಲಲ್ಲಿ ನಿಂತು ರೈಲಿನಲ್ಲೇ ಹೋದೆ.

ಮುಂದಿನ ಮಳೆಗಾಲದಲ್ಲಿ ಮೇಸ್ತ್ರಿಯವರು ಜ್ವರದಿಂದ ಮಲಗಿದ್ದಾರೆಂದು ತಿಳಿಯಿತು. ಎರಡು ದಿನ ಮೀನಮೇಷ ಎಣಿಸಿ, ಮೂರನೆಯ ದಿನ ಸಂಜೆ ಹೋದೆ. ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಲಗೈ ಹೊದ್ದ ಕೌದಿಯ ಒಳಗಿತ್ತು. ಅವರ ಹೆಂಡತಿ ಚಹಾ ಇಟ್ಟು ಒಳಗೆ ಹೋದರು.

"ಮೇಸ್ತ್ರಿ, ಅವತ್ತ ನನ್ನ ಕೈ ಸುಟ್ಟಿತ್ತು. ನಾ ಮಗ್ಗಿ ಓಡಿಸಿಬಿಟ್ಟೆ," ಎಂದೆ.

"ಗೊತ್ತೈತ್ರಿ," ಎಂದರು. "ಕೈ ಸತ್ತಿತ್ತು, ಕಿವಿ ಸತ್ತಿರಲಿಲ್ಲ. ದಿನಾ ಕೇಳೂ ಮಗ್ಗಿ. ಅವತ್ತ ಆರಕ್ಕ ಎಡವಿ ಓಡಿತು."

"ಮತ್ತ ಯಾಕ ಗಾಡಿ ಬಿಟ್ರಿ?"

"ನಾ ಕೈ ಇಟ್ಟದ್ದು ಬರೀ ತೋರಿಕಿಗೆ. ಇನ್ನೊಮ್ಮೆ ಇಡ್ರಿ ಅಂದಿದ್ದರ, ನಿಮ್ಮ ಕೈಗೆ ತಿಳೀಲಿಲ್ಲೇನ್ರಿ ಮೇಸ್ತ್ರಿ ಅಂತಿದ್ರಿ. ಆವಾಗ ನಾ ಏನ ಹೇಳಲಿ? ನಿಮಗ ಸಾಹೇಬನ ಅಂಜಿಕಿ, ನನಗ ನಿಮ್ಮ ಅಂಜಿಕಿ. ನಡುವ ಪೆಟ್ಟಿಗಿ ಸುಟ್ಟಿತು."

ನಾನು ಅತ್ತೆ. ಮುಚ್ಚುಮರೆ ಏನು, ಅವರ ಮುಂದೆ ಕೂತು ಅತ್ತೆ. ಅವರು ಸುಮ್ಮನೆ ಕಾದರು, ಗಾಡಿ ನೆರಳಿಗೆ ನಿಲ್ಲಿಸಿದಾಗ ಕಾಯುತ್ತಿದ್ದ ಹಾಗೆ. ಆಮೇಲೆ, "ಈಗ ಇಡ್ರಿ ಕೈ. ಸಾವಕಾಶ," ಎಂದು ಹಣೆ ಮುಂದೆ ಮಾಡಿದರು.

ಇಟ್ಟೆ. ಒಂದೊಂದೇ ಮೆಟ್ಟಿಲು ಹತ್ತುವಂತೆ ಮಗ್ಗಿ ಹೇಳಿದೆ. ಇಪ್ಪತ್ತಕ್ಕೆ ಮುಟ್ಟಿದಾಗ, "ಎಷ್ಟೈತ್ರಿ?" ಎಂದು ಕೇಳಿದರು. ಏನೂ ಇಲ್ಲ, ಬರೀ ಬೆಚ್ಚಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾಯಿಲೆಯವರಿಗೆ ನಾವೆಲ್ಲ ಹೇಳುವುದು ಅದನ್ನೇ. ಅದನ್ನು ನುಂಗಿಕೊಂಡು, "ಭಾಳ ಐತ್ರಿ ಮೇಸ್ತ್ರಿ," ಎಂದೆ.

"ಹಾಂ," ಎಂದು ಅವರು ಕಣ್ಣು ಮುಚ್ಚಿದರು. "ಈಗ ಕೈ ಖರೇ ಹೇಳಿತು."

ಆ ಜ್ವರ ಅವರನ್ನು ಬಿಡಲಿಲ್ಲ. ಬೇವಿನ ಗಿಡದ ಕೆಳಗೆ ಲಾರಿ ಇನ್ನೂ ಇದೆ. ಅದರ ನೆಲದ ಮುಚ್ಚಳ ಯಾರೋ ಒಯ್ದಿದ್ದಾರೆ.

ನನಗೆ ಉಳಿದದ್ದು ಮಗ್ಗಿ. ಮೊನ್ನೆ ಕೊನೆಗೂ ಇನ್ಸ್‌ಪೆಕ್ಟರ ಸಾಹೇಬರು ನನ್ನ ವರ್ಗಕ್ಕೆ ಬಂದರು. ಹುಡುಗರಿಂದ ಎರಡರ ಮಗ್ಗಿ ಹೇಳಿಸಿದೆ. ಬೇರೆ ವರ್ಗದವರು ಐದರ ಮಗ್ಗಿ ಮುಗಿಸುವ ಹೊತ್ತಿಗೆ ನನ್ನವರು ಎರಡಾರಲೆ ಹನ್ನೆರಡರಲ್ಲಿದ್ದರು. ಸಾಹೇಬರು ಗಡಿಯಾರ ನೋಡಿಕೊಂಡು, "ಇಷ್ಟ ಸಾವಕಾಶ ಯಾಕ್ರಿ ಮಾಸ್ತರ?" ಎಂದರು.

"ಏರು ಐತ್ರಿ ಸಾಹೇಬರ," ಎಂದೆ.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಹೊರಗೆ ಸಪಾಟಾದ ಆಟದ ಬಯಲು ಮಾತ್ರ ಇತ್ತು.