ಮುಚ್ಚಬಾರದಿದ್ದ ತೂತು

ಆ ಅಂಗಿ ಕೇಸರಿ ಬಣ್ಣದ್ದು ಎಂದು ಬರೆದು ಹೊಡೆದುಹಾಕಿದ್ದೇನೆ. ಹಳದಿ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದೇನೆ. ಬಣ್ಣದ ವಿಷಯದಲ್ಲಿ ನನ್ನ ಮಾತು ನಂಬಬೇಡಿ. ಕೈಗೆ ಗೊತ್ತಿರುವುದನ್ನು ಮಾತ್ರ ಹೇಳಬಲ್ಲೆ. ದಪ್ಪ ರಬ್ಬರು ಬಟ್ಟೆಯ ಚೀಲ, ಕುತ್ತಿಗೆಗೆ ಸಿಕ್ಕಿಸಿಕೊಳ್ಳಲು ಕುದುರೆ ಲಾಳದ ಆಕಾರ, ಎದೆಯ ಮೇಲೆ ಬಾಯಿಂದ ಊದುವ ನೆರಿಗೆಯ ಕೊಳವೆ, ಭುಜದ ಹತ್ತಿರ ಸಣ್ಣ ತೂತುಗಳಿದ್ದ ಒಂದು ಗುಂಡನೆಯ ಬಿಲ್ಲೆ. ನೀರಿನಡಿ ಕೆಲಸ ಮಾಡುವವರನ್ನು ಮೇಲೆ ತಂದು ತೇಲಿಸಿಡುವ ಗಾಳಿಯಂಗಿ ಅದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಿರೇಕೆರೂರಿನ ನನ್ನ ಪಂಕ್ಚರ್ ಅಂಗಡಿಗೆ ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದವರು ಕಾರವಾರದ ಕಡೆಯ ಒಬ್ಬ ಮುಳುಗುಗಾರರು. ಮಾಸೂರಿನ ಹತ್ತಿರ ಮದಗದ ಕೆರೆಯಲ್ಲಿ ತೂಬಿನ ಬಾಗಿಲು ನೀರಿನಡಿ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಅವರನ್ನು ಕರೆಸಿದ್ದರು.

"ಇದು ನಿಧಾನಕ್ಕೆ ಮೆತ್ತಗಾಗ್ತಾ ಉಂಟು," ಎಂದರು. "ತಳದಲ್ಲಿ ದಣಿದು ಬರುವವನನ್ನು ಇದೇ ಎತ್ತಿ ಹಿಡಿಯೋದು. ಇದು ಸೋರಿದ್ರೆ ನಾನು ಮೇಲೆ ಬಂದ ಮೇಲೂ ಮುಳುಗ್ತೇನೆ ಮಾರಾಯ್ರೆ."

ನನ್ನ ವಿಷಯ ಇಷ್ಟೇ. ಸವಣೂರಿನ ಎಲೆತೋಟದಲ್ಲಿ ದುಡಿಯುವವರ ಮನೆಯಲ್ಲಿ ಹುಟ್ಟಿದೆ. ಶಿಗ್ಗಾವಿಯ ಹೆದ್ದಾರಿ ಬದಿಯಲ್ಲಿ ಲಾರಿ ಟ್ಯೂಬುಗಳ ಮೇಲೆ ಕೈ ಪಳಗಿಸಿಕೊಂಡೆ. ಹಾನಗಲ್ಲಿನಲ್ಲಿ ಎರಡು ವರ್ಷ ಬೇರೆಯವರ ಅಂಗಡಿಯಲ್ಲಿದ್ದೆ. ಆಮೇಲೆ ಇಲ್ಲಿ ಬಂದು ಟ್ಯೂಬು ಅದ್ದುವ ನನ್ನದೇ ತೊಟ್ಟಿ ಇಟ್ಟೆ. ಹೀಗೆ ಸಾಲಾಗಿ ಬರೆದರೆ ಒಂದು ಹಾದಿ ಇದ್ದ ಹಾಗೆ ಕಾಣುತ್ತದೆ. ಇರಲಿಲ್ಲ. ಯಾವ ಊರಿನಲ್ಲೂ ಯಾರೂ ಇಲ್ಲೇ ಇರು ಅನ್ನಲಿಲ್ಲ, ಅಷ್ಟೇ. ಪಂಕ್ಚರ್ ಅಂಗಡಿಗೆ ಕೂಡ್ರಲೆಂದು ಯಾರೂ ಬರುವುದಿಲ್ಲ. ಸೈಕಲ್ಲು ಒರಗಿಸಿ, "ಸಂತಿ ಮಾಡ್ಕೊಂಡ್ ಬರ್ತೇನ್ರಿ" ಎಂದು ಹೋಗುತ್ತಾರೆ. ಬಂದು ಚಕ್ರ ಒತ್ತಿ ನೋಡಿ ಏರಿ ಹೊರಡುತ್ತಾರೆ. ಕೆಲವು ದಿನ ಸಂಜೆಯ ತನಕ ನಾನು ಆಡಿದ ಒಟ್ಟು ಮಾತು "ಆತ್ರಿ" ಎಂಬುದೊಂದೇ.

ಈ ಮನುಷ್ಯ ಕೂತರು. ಖಾಲಿ ಟಯರಿನ ಮೇಲೆ, ಕಾಲು ಚಾಚಿ, ಇಡೀ ಮಧ್ಯಾಹ್ನ.

ಎದುರಿನ ಚಹಾದಂಗಡಿಯ ಮುದುಕಿ ಕೂಗಿದಳು: "ಏನೋ ಅದು? ಎತ್ತಿನ ನೊಗಾನ ಊದಾಕತ್ತಿಯೇನು?"

"ಇಲ್ಲಬೇ, ಸಾಹೇಬ್ರ ಅಂಗಿ."

"ಅಂಗಿಯಂತ ಅಂಗಿ! ಗುಂಡಿ ಎಲ್ಲ್ಯಾವು?"

ಮುಳುಗುಗಾರರು ನಕ್ಕರು. ಆದರೆ ಅವರು ಹೊಳೆಗೆ ಬಿದ್ದವರ ಹೆಣಗಳನ್ನೂ ತೆಗೆಯುತ್ತಾರೆಂದು ಗೊತ್ತಾದ ಮೇಲೆ ಮುದುಕಿ ನನ್ನನ್ನು ಕರೆದು, "ಹೆಣಾ ಮುಟ್ಟಿದ ಕೈ ಅದು. ಅಲ್ಲೇ ಕುಂತು ಕುಡೀಲಿ, ನನ್ನ ಬಾಕಿನ ಮ್ಯಾಲೆ ಕುಂಡ್ರೂದು ಬ್ಯಾಡ" ಎಂದಳು. ಅವರಿಗೆ ಕೇಳಿಸಿರಬೇಕು. ನಾನು ತಂದುಕೊಟ್ಟ ಚಹಾ ಕುಡಿದು, ಲೋಟವನ್ನು ಹೊರಗಿನ ಕೊಡದ ನೀರಿನಲ್ಲಿ ತಾವೇ ತೊಳೆದು ಬೋರಲು ಹಾಕಿದರು. ಬಹಳ ದಿನಗಳ ರೂಢಿ ಇದ್ದವರ ಹಾಗೆ.

ಸೋರುವ ಜಾಗ ಹುಡುಕಲು ನನ್ನ ಹತ್ತಿರ ಮೂರು ದಾರಿಗಳಿದ್ದವು. ಮೊದಲು ತುಟಿ ಒದ್ದೆ ಮಾಡಿಕೊಂಡು ಹೊಲಿಗೆಯ ಗುಂಟ ಮುಖ ಸರಿಸುತ್ತಿದ್ದೆ. ಗಾಳಿ ಇದ್ದಲ್ಲಿ ತುಟಿ ತಣ್ಣಗಾಗುತ್ತದೆ. ಅನುಮಾನ ಬಂದ ಕಡೆ ಅಂಟವಾಳದ ನೊರೆ ಹಚ್ಚಿದರೆ ನೊರೆ ಉಬ್ಬಿ ಕಣ್ಣು ಬಿಡುತ್ತದೆ. ಕೊನೆಯದು ತೊಟ್ಟಿಯ ನೀರು. ಅಂಗಿಯ ಕುತ್ತಿಗೆ ಹೊಲಿಗೆಯಲ್ಲಿ ಸೂಜಿ ಮೊನೆಯಷ್ಟು ಸಣ್ಣ ಸೋರಿಕೆ ಸಿಕ್ಕಿತು. ನೀರಿನಲ್ಲಿ ಒಂದೊಂದೇ ಗುಳ್ಳೆ, ತಡೆದು ತಡೆದು ಏಳುತ್ತಿತ್ತು. ಅವರಿಗೆ ತೋರಿಸಿದೆ. ಬಗ್ಗಿ ನೋಡಿ, "ಇದೇ ಕಳ್ಳ" ಎಂದರು. ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಬೆರಳಿನ ಹಿಂಬದಿಗೆ ಅಂಟದಷ್ಟು ಒಣಗಿದ ಮೇಲೆ ತೇಪೆ ಕೂಡಿಸಿದೆ. ಅದು ಒಳ್ಳೆಯ ಕೆಲಸ. ಈಗಲೂ ಹಾಗೇ ಅನ್ನುತ್ತೇನೆ.

ಅವರು ಮನೆಗೆ ಕಾಗದ ಹಾಕಲು ಅಂಚೆ ಕಚೇರಿಗೆ ಹೋದರು. ನಾನು ಮತ್ತೊಮ್ಮೆ ಪರೀಕ್ಷಿಸೋಣವೆಂದು ಕೊಳವೆಗೆ ಬಟ್ಟೆ ಸುತ್ತಿ, ಕಾಲಿನ ಪಂಪು ಹಚ್ಚಿ, ಲಾರಿ ಟ್ಯೂಬಿಗೆ ಹೊಡೆದ ಹಾಗೆ ಹೊಡೆದೆ. ಚೀಲ ತಮಟೆಯಂತೆ ಬಿಗಿಯಿತು. ಆಗ ಭುಜದ ಬಿಲ್ಲೆಯಿಂದ ಬುಸ್ಸೆಂದು ಗಾಳಿ ಬಂತು. ನೀರಿಗೆ ಅದ್ದಿದರೆ ಗುಳ್ಳೆಗಳ ಗೊಂಚಲು. ಇನ್ನೊಂದು ಸೋರಿಕೆ! ಬಿಲ್ಲೆಯನ್ನು ತಿರುಗಿಸಿ ಬಿಚ್ಚಿದೆ. ಒಳಗೆ ಒಂದು ತೆಳ್ಳನೆಯ ಸ್ಪ್ರಿಂಗು, ಅದರ ಕೆಳಗೆ ರಬ್ಬರಿನ ಒಂದು ಚಿಕ್ಕ ಮುಚ್ಚಳ. ಸ್ಪ್ರಿಂಗು ಸೋತಿದೆ, ಅದಕ್ಕೇ ಮುಚ್ಚಳ ಕೂಡುತ್ತಿಲ್ಲ ಎಂದುಕೊಂಡೆ. ಎರಡನ್ನೂ ತೆಗೆದು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ತೂತಿನ ಮೇಲೆ ಎರಡು ಪದರ ತೇಪೆ ಬಡಿದು, ಬಿಲ್ಲೆ ಮತ್ತೆ ತಿರುಗಿಸಿದೆ. ಗಾಳಿ ನಿಂತಿತು. ಗಾಳಿ ಹೊರಡುವ ಜಾಗವೆಲ್ಲ ಮುಚ್ಚಬೇಕಾದ ಜಾಗ. ನನ್ನ ವಿದ್ಯೆ ಅಷ್ಟೇ ಇತ್ತು.

ಅಂಗಿ ಮರುದಿನ ಮಧ್ಯಾಹ್ನದ ತನಕ ನನ್ನ ಗೂಟದ ಮೇಲೆ ಉಬ್ಬಿಕೊಂಡೇ ಇತ್ತು. ಅವರು ಬಂದು ಒತ್ತಿ ನೋಡಿದಾಗ, "ಎರಡು ಕಡೆ ಸೋರಿತ್ರಿ, ಎರಡೂ ಮುಚ್ಚೇನಿ" ಎಂದು ಹೇಳಿದೆನೆಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹಾಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಎಲ್ಲಿ ಎಂದು ಕೇಳುತ್ತಿದ್ದರು. ನಾನು ಹೇಳಿದ್ದು: "ಎಲ್ಲಾ ಬಂದ್ ಮಾಡೇನ್ರಿ. ಒಂದ ಗುಳ್ಳಿ ಎದ್ರ ನನ್ನ ಕೇಳ್ರಿ."

ಆ ದಿನವೂ ಅವರು ಕತ್ತಲಾಗುವ ತನಕ ಕೂತರು. ತಮ್ಮ ಕಡೆಯ ಮೀನಿನ ಬಗ್ಗೆ ಹೇಳಿದರು. ನಾಳೆ ತೂಬಿಗೆ ಇಳಿಯುವುದಾಗಿ ಹೇಳಿ ಅಂಗಿಯನ್ನು ಮಡಿಸಿಕೊಂಡು ಹೋದರು.

ತಪ್ಪು ಹೊಳೆದದ್ದು ಹೇಗೆ ಎಂದು ಬರೆಯುವಾಗ ಮುದುಕಿಯ ಅಂಗಡಿಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು ಎಂದು ಬರೆಯುವ ಆಸೆಯಾಗುತ್ತದೆ. ಅವಳ ಹತ್ತಿರ ಕುಕ್ಕರ್ ಇರಲಿಲ್ಲ. ಮರುದಿನ ಬೆಳಗ್ಗೆ ಬೀಡಿ ಹಚ್ಚಲು ಕಡ್ಡಿಪೆಟ್ಟಿಗೆ ತೆರೆದೆ. ಒಳಗೆ ಕಡ್ಡಿಯ ಬದಲು ಆ ಸ್ಪ್ರಿಂಗು ಇತ್ತು. ಬೆರಳಿನಿಂದ ಒತ್ತಿದೆ. ಪಟ್ಟನೆ ಮೇಲೆದ್ದಿತು. ಸೋತಿರಲಿಲ್ಲ. ತುಕ್ಕಿಲ್ಲ, ಸವೆದಿಲ್ಲ. ಮತ್ತೆ ಮತ್ತೆ ಒತ್ತಿದೆ. ಹೆಚ್ಚಾದ ಗಾಳಿ ತಾನೇ ಮುಚ್ಚಳ ಎತ್ತಿ ಹೊರಗೆ ಹೋಗಲಿ, ಆಮೇಲೆ ಮುಚ್ಚಳ ಮತ್ತೆ ಕೂಡಲಿ ಎಂದು ಯಾರೋ ಲೆಕ್ಕ ಹಾಕಿ ಇಟ್ಟದ್ದು ಅದು. ಆ ದಾರಿ ಮುಚ್ಚಿದರೆ ಚೀಲವೇ ಒಡೆಯುತ್ತದೆ. ನೀರಿನಲ್ಲಿ ಅದರ ಗಾಳಿ ಹೋದರೆ ಏನಾಗುತ್ತದೆಂದು ಅವರೇ ಹೇಳಿದ್ದರು.

ಯಾರದೋ ಸೈಕಲ್ಲು ತೆಗೆದುಕೊಂಡು ಮಾಸೂರಿನ ಹಾದಿ ಹಿಡಿದೆ.

ಕೆರೆಯ ಏರಿಯ ಮೇಲೆ ಒಂದು ಜಾಲಿ ಮರ. ಅದರ ಟೊಂಗೆಗೆ ಅಂಗಿ ಜೋತುಬಿದ್ದಿತ್ತು, ಗಾಳಿ ಇಲ್ಲದೆ. ಇಬ್ಬರು ಆಳುಗಳು ನೀರಿಗಿಳಿದ ಹಗ್ಗ ಹಿಡಿದು ನಿಂತಿದ್ದರು.

"ಸಾಹೇಬ್ರು ಎಲ್ಲದಾರ?"

"ತಳದಾಗ."

"ಅಂಗಿ ಇಲ್ಲೇ ಐತಲ್ಲ!"

"ಅದು ಕೆಟ್ಟೈತಂತ. ಇವತ್ತ ಕೆಲಸ ಆಗಾಕಬೇಕು ಅಂತ ಮ್ಯಾಲಿನವ್ರು ಗಂಟು ಬಿದ್ರು. ಬೆನ್ನಿಗೆ ಗಾಳಿ ಸಿಲಿಂಡರು, ನಡಕ್ಕ ಹಗ್ಗಾ ಕಟ್ಕೊಂಡು ಹಂಗ ಇಳದ್ರು. ನೀ ಯಾರು?"

"ಪಂಕ್ಚರ್ ಹಾಕಾಂವ."

"ಯಾಕ, ಕೆರೀ ಪಂಕ್ಚರ್ ಆತೇನು?" ಎಂದು ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ಅವನ ಕಣ್ಣು ಹಗ್ಗದ ಮೇಲೇ ಇತ್ತು.

ನೀರಿನ ಮೇಲೆ ಅವರ ಉಸಿರಿನ ಗುಳ್ಳೆಗಳು ಗುಂಪುಗುಂಪಾಗಿ ಬರುತ್ತಿದ್ದವು. ಇಷ್ಟು ವರ್ಷ ಗುಳ್ಳೆ ನಿಲ್ಲಲಿ ಎಂದು ನೋಡುತ್ತ ಬಂದವನು ನಾನು. ಅಲ್ಲಿ ಏರಿಯ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಇನ್ನೊಂದು ಬರಲಿ, ಇನ್ನೊಂದು ಬರಲಿ ಎಂದು ಎಣಿಸಿದೆ. ಎಷ್ಟು ಹೊತ್ತು ಎಂದು ಕೇಳಿದರೆ ತಾಸು ಎನ್ನುತ್ತೇನೆ. ಅಷ್ಟಿರಲಾರದು. ಒಮ್ಮೆ ನಿಂತೇಬಿಟ್ಟವು. ಆಮೇಲೆ ಹಗ್ಗ ಜಗ್ಗಿತು, ಆಳುಗಳು ಎಳೆದರು, ಅವರ ತಲೆ ಕಾಣಿಸಿತು. ದಂಡೆಗೆ ಬರಲು ಅವರ ಕೈಯಲ್ಲಿ ಬಲವಿರಲಿಲ್ಲ. ಇಬ್ಬರೂ ಕಂಕುಳಿಗೆ ಕೈ ಹಾಕಿ ಎತ್ತಿ ಕಲ್ಲಿನ ಮೇಲೆ ಮಲಗಿಸಿದರು. ಬಹಳ ಹೊತ್ತು ಕೆಮ್ಮಿದರು.

ನಾನು ಕಡ್ಡಿಪೆಟ್ಟಿಗೆ ಮುಂದೆ ಹಿಡಿದೆ. ತೆರೆದು ನೋಡಿದರು.

"ಅದು ಬಿಡ್ಲಿಕ್ಕೇ ಇರುವ ತೂತು ಮಾರಾಯ್ರೆ," ಎಂದರು. ಸಿಟ್ಟಿರಲಿಲ್ಲ. "ತಳದಲ್ಲಿ ಗಾಳಿ ಸಣ್ಣಗಿರ್ತದೆ. ಮೇಲೆ ಬಂದ ಹಾಗೆ ಹಿಗ್ತದೆ. ಹೆಚ್ಚಾದ್ದು ಹೋಗಬೇಕಲ್ಲ?"

"ನೀವು ಮೊದಲ ನೋಡಿದ್ರೇನ್ರಿ?"

"ಇಳಿಯುವ ಮೊದಲು ಪೂರ್ತಿ ಊದಿ ನೋಡ್ತೇನೆ, ಯಾವಾಗಲೂ. ಬುಸ್ ಅನ್ನಲಿಲ್ಲ. ಬಿಚ್ಚಿದೆ." ಕಡ್ಡಿಪೆಟ್ಟಿಗೆ ಮುಚ್ಚಿ, "ನೀರಿಗೆ ಹೋಗುವವನು ಯಾರ ಕೈಕೆಲಸವನ್ನೂ ನಂಬೋದಿಲ್ಲ" ಎಂದರು.

ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಎರಡು ಮಧ್ಯಾಹ್ನ ನನ್ನ ಟಯರಿನ ಮೇಲೆ ಕೂತಾಗಲೂ ಅವರು ನನ್ನ ಕೈ ಕಾಯುತ್ತಿದ್ದರೇ ಹೊರತು ನನ್ನ ಜೊತೆ ಕೂತಿರಲಿಲ್ಲ ಎಂದು ನಾನು ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಟ್ಟೆ. ಅದು ತಪ್ಪಿರಬಹುದು. ಆಗ ಹಾಗನ್ನಿಸಿತು.

ಚಾಕುವಿನಿಂದ ತೇಪೆ ಕೆರೆದು ತೆಗೆದೆ. ಮುಚ್ಚಳ, ಸ್ಪ್ರಿಂಗು, ಬಿಲ್ಲೆ ಕೂಡಿಸಿದ್ದು ಅವರು. ಊದಿದರು, ಬಿಲ್ಲೆ ಬುಸ್ಸೆಂದಿತು. ಕುತ್ತಿಗೆಯ ಹೊಲಿಗೆ ಮುಟ್ಟಿ ನೋಡಿ, "ಇದು ಒಳ್ಳೇದಾಗಿದೆ" ಎಂದರು.

"ಬಾಗಿಲು ಅರ್ಧ ಬಿಟ್ಟಿದೆ. ಊಟ ಮಾಡಿ ಇನ್ನೊಮ್ಮೆ ಇಳೀತೇನೆ," ಎಂದು ಬುತ್ತಿಯ ಗಂಟು ಬಿಚ್ಚಿ ನನ್ನ ಕಡೆಗೂ ಸರಿಸಿದರು. "ಇರ್ತೀರಲ್ಲ?"

"ಅಂಗಡಿ ತೆರದಿಟ್ಟ ಬಂದೇನ್ರಿ," ಎಂದೆ.

ತೆರೆದಿಟ್ಟು ಬಂದದ್ದು ನಿಜ. ಕದಿಯುವಂಥದ್ದು ಏನೂ ಇರಲಿಲ್ಲ ಎಂಬುದೂ ನಿಜ. ಸೈಕಲ್ಲು ಏರಿದೆ. ಏರಿಯ ತುದಿಯಲ್ಲಿ ತಿರುಗಿ ನೋಡಿದಾಗ ಅವರು ಬುತ್ತಿಯ ಮುಂದೆ ಒಬ್ಬರೇ ಕೂತಿದ್ದರು. ಆಳುಗಳು ದೂರದ ನೆರಳಿನಲ್ಲಿ ಬೇರೆ ಕೂತು ಉಣ್ಣುತ್ತಿದ್ದರು. ನಾನು ಪೆಡಲು ತುಳಿದೆ. ಅವರು ಎರಡನೇ ಸಲ ಮೇಲೆ ಬಂದದ್ದನ್ನು ನಾನು ನೋಡಲಿಲ್ಲ. ತೂಬು ತೆರೆದು ಗದ್ದೆಗೆ ನೀರು ಬಂತೆಂದು ಮಾರನೆಯ ದಿನ ಮಾಸೂರಿನವನೊಬ್ಬ ಚಕ್ರಕ್ಕೆ ಗಾಳಿ ಹೊಡೆಸುತ್ತ ಹೇಳಿದ. ಮುಳುಗುಗಾರರು ಹೇಗಿದ್ದಾರೆಂದು ಕೇಳಿದೆ.

"ಆವಾಗ ತಮ್ಮ ಊರಿಗೆ ಹೋದ್ರಲ್ಲ," ಎಂದ.