ಗೋಪೀನಾಥರ ಕಾರ್ತಹೇನಾ ಉಪನ್ಯಾಸ

ನಮ್ಮ ಯಜಮಾನರು ಗೋಪೀನಾಥರು ಮೈಸೂರಿನವರು. ಇಂಗ್ಲಿಷಿನವರ ನಾಡಿನ ಈ ರೇನರ್ಸ್ ಲೇನಿಗೆ ಬಂದು ಇಪ್ಪತ್ತೆರಡು ವರ್ಷ ಅಂಚೆ ವಿಂಗಡಿಸಿದರು. ಬಂದ ಹೊಸತರಲ್ಲೇ ಒಂದು ದಿನ ಅವರ ಕೈಗೆ ಕೊಲಂಬಿಯಾದ ಕಾರ್ತಹೇನಾ ಊರಿನ ಚಿತ್ರವಿದ್ದ ಕಾರ್ಡು ಬಂತು: ಹಳದಿ ಮನೆ, ಮರದ ಬಾಲ್ಕನಿ, ಸಮುದ್ರದ ಪಕ್ಕ ಕಲ್ಲಿನ ಕೋಟೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಸ್ಪೇನಿನವರು ಆ ಊರು ಕಟ್ಟಿದ್ದು 1533ರಲ್ಲಿ, ಹಳೇ ಮನೆಗಳನ್ನು ಇವತ್ತಿಗೂ ಹಾಗೇ ಉಳಿಸಿಕೊಂಡಿದ್ದಾರೆ ಎಂದು ನಾನು ಸಾರಿಗೆ ಒಗ್ಗರಣೆ ಹಾಕುವಾಗಲೂ ಕೇಳಬೇಕು. ಆ ಊರನ್ನು ಇವರು ಕಣ್ಣಾರೆ ಕಂಡವರಲ್ಲ. ನಮ್ಮ ಮುಂಬಾಗಿಲಿಗೆ ಮಾತ್ರ ಹಳದಿ ಬಳಿದರು. ಅದನ್ನು ದಿನಾ ನೋಡುವ ಕರ್ಮ ನನ್ನದು.

2014ರ ಚಳಿಗಾಲದಲ್ಲಿ ಲೈಬ್ರರಿಯವರು ಇವರನ್ನು ಒಂದು ಶನಿವಾರ ನಾಲ್ಕೂವರೆಯಿಂದ ಐದರವರೆಗೆ ಆ ಊರಿನ ಬಗ್ಗೆ ಮಾತಾಡಲು ಕರೆದರು. ಕೊನೆಗೂ ಕೇಳುವವರು ಸಿಕ್ಕರೆಂದು ಮನುಷ್ಯ ಒಂದು ವಾರ ನಿದ್ದೆ ಮಾಡಲಿಲ್ಲ. ಒಳಗೊಳಗೇ ನನಗೂ ಸಂತೋಷವೇ.

"ರೀ, ಸಿಗೋದೇ ಅರ್ಧ ಗಂಟೆ. ಸುಮ್ನೆ ಎದ್ದು ನಿಂತು ಮಾತಾಡಿಬಿಡಿ," ಎಂದೆ.

"ಪ್ರಾರ್ಥನೆ ಇಲ್ದೆ, ಅಧ್ಯಕ್ಷರಿಲ್ದೆ ಅದೆಂಥ ಉಪನ್ಯಾಸ ಕಣೇ? ನಾನೇನು ತರಕಾರಿ ಮಾರ್ತಿದೀನಾ?"

ಸರಿ. ಪಕ್ಕದ ಬೀದಿಯ ಸುಜಾತಾ ಪ್ರಾರ್ಥನೆಗೆ ನಿಂತಳು; ಒಂದು ಚರಣವನ್ನೂ ಬಿಡದೆ ಹಾಡಿದಳು. ದೀಪ ಹಚ್ಚಲು ಹೋದರೆ ಲೈಬ್ರರಿಯಾಕೆ ಬೆಂಕಿ ಕೂಡದೆಂದು ಓಡಿ ಬಂದಳು. ಬ್ಯಾಟರಿ ದೀಪ ಹುಡುಕುವುದರಲ್ಲಿ ಐದು ನಿಮಿಷ ಹೋಯಿತು. ಅಧ್ಯಕ್ಷತೆ ದಿನಸಿ ಅಂಗಡಿಯ ಶೇಖರಪ್ಪನವರದು. "ನಂಗೆ ಇತಿಹಾಸ ಗೊತ್ತಿಲ್ಲ, ಎರಡೇ ಮಾತು" ಎಂದವರು ಹದಿಮೂರು ನಿಮಿಷ ಕೊರೆದರು. ಆಮೇಲೆ ಉಪನ್ಯಾಸಕರಿಗೆ ಸನ್ಮಾನ: ಶಾಲು, ಪೇಟ, ಹಣ್ಣಿನ ಬುಟ್ಟಿ. ಪೇಟ ಕಣ್ಣಿನ ಮೇಲೆ ಜಾರಿತು. ಅದನ್ನು ಮೇಲೆತ್ತಿಕೊಂಡು ಇವರು "ಕಾರ್ತಹೇನಾ..." ಎಂದರು. ಐದು ಗಂಟೆಯಾಯಿತು, ಲೈಬ್ರರಿಯವರು ಲೈಟು ಆರಿಸಿದರು. ನಮ್ಮ ಜನ ವಂದನಾರ್ಪಣೆಯನ್ನಂತೂ ಬಿಡಲಿಲ್ಲ, ಕತ್ತಲಲ್ಲೇ ಮುಗಿಸಿದರು.

ಕಾರ್ಯಕ್ರಮ ಬಹಳ ಚೆನ್ನಾಗಿತ್ತೆಂದು ಎಲ್ಲರೂ ಕೈಕುಲುಕಿ ಹೋದರು.

ಹಣ್ಣಿನ ಬುಟ್ಟಿ ಹಿಡಿದು ಇವರು ಮನೆಯ ಕಡೆ ಹೊರಟರು. ಶಾಲು ಹೆಗಲಿಂದ ಜಾರಿ ನೆಲ ಗುಡಿಸುತ್ತಿತ್ತು. ಬಡ್ಕೊಂಡೆನಲ್ಲ ಎಂದು ಎರಡು ಮಾತು ಆಡಿಯೇಬಿಡಬೇಕೆಂದಿದ್ದೆ. ಮುಖ ನೋಡಿ ಮಾತು ಬದಲಿಸಿದೆ.

"ರೀ, ಆ ಕೋಟೆ ಕಟ್ಟಿದ್ದು ಇಂಗ್ಲಿಷಿನವರಲ್ವಾ?" ಎಂದೆ. ಇಪ್ಪತ್ತು ವರ್ಷ ಕೇಳಿದವಳು ಬೇಕೆಂದೇ ತಪ್ಪು ಹೇಳಿದೆ.

ಅವರು ಫುಟ್‌ಪಾತಿನ ಮೇಲೆ ಗಕ್ಕನೆ ನಿಂತರು. "ಏನೇ ಹೇಳ್ತಿದೀಯ? ಇಂಗ್ಲಿಷಿನವರು ಅದಕ್ಕೆ ಮುತ್ತಿಗೆ ಹಾಕಿದ್ದು, 1741ರಲ್ಲಿ. ಗೆದ್ದೇಬಿಟ್ವಿ ಅಂತ ಇಲ್ಲಿ ಪದಕಾನೂ ಹೊಡೆಸ್ಕೊಂಡ್ರು. ಆಮೇಲೆ ಸೋತು ಬಂದ್ರು."

"ಹೌದಾ?" ಎಂದೆ.

ಅವರು ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದರು.