ಮಗ್ಗ ನಿಲ್ಲಿಸಿ ಮಾಡಿದ ಆಪರೇಷನ್

ಅಕ್ಕ ಆಪರೇಷನ್ ಬೇಡವೆಂದು ಹಟ ಹಿಡಿದದ್ದು ನನ್ನ ಮಿಮಿಕ್ರಿಯಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಕ್ಕನೆಂದರೆ ದೊಡ್ಡಪ್ಪನ ಮಗಳು. ಹುಟ್ಟುವಾಗಲೇ ಅರ್ಧ ಹೃದಯ. ಚಿಕ್ಕಂದಿನಲ್ಲಿ ಮಾಡಿದ ಆಪರೇಷನ್‌ನಿಂದ ಬದುಕಿದಳು. ಆದರೆ ವರ್ಷಗಳು ಕಳೆದಂತೆ ರಕ್ತ ಹಿಂದಕ್ಕೆ ಒತ್ತಿ ಲಿವರ್ ಕೆಟ್ಟಿತು. ಬಾಗಲಕೋಟೆಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಹೃದಯ, ಲಿವರ್ ಎರಡನ್ನೂ ಒಟ್ಟಿಗೇ ಬದಲಿಸದಿದ್ದರೆ ಜೀವ ಉಳಿಯದು ಎಂದರು ಅಲ್ಲಿಯ ಸರ್ಜನ್.

ಅವರು ಮಾತಿಗೊಮ್ಮೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕುವವರು. ಜೊತೆಗೆ ಹೋಗಿದ್ದ ನನಗೆ ಇನ್ನೇನು ಬೇಕು? ಇಳಕಲ್ಲಿನ ಮನೆಗೆ ಬಂದವನೇ ತಲೆಗೆ ಟವೆಲ್ ಸುತ್ತಿ ಮಗ್ಗದ ಮುಂದೆ ನಿಂತೆ. “ನೋಡಿ ಇವ್ರೇ, ಹಳೇದನ್ನ ತೆಗೀತೀವಿ. ಹೊಸದನ್ನ ಕೊಂಡಿ ಹಾಕಿ ಜೋಡಿಸ್ತೀವಿ.”

ಕೊಂಡಿ ಎಂದರೆ ನಮ್ಮ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಹಾಕುವ ಕುಣಿಕೆ. ಒಂದೊಂದೇ ಎಳೆ ಹಾಕಬೇಕು. ಅದು ಮುಗಿಯುವವರೆಗೆ ಮಗ್ಗ ಸುಮ್ಮನೆ ನಿಂತಿರುತ್ತದೆ. ಮನೆಮಂದಿ ಬಿದ್ದು ಬಿದ್ದು ನಕ್ಕರು. ದಿನವೂ ಕೊಂಡಿ ಹಾಕುವ ಅಕ್ಕ ನಗಲಿಲ್ಲ.

“ಅಷ್ಟೊತ್ತು ಮಗ್ಗ ನಿಂತಂಗ ನಾನೂ ನಿಂತಿರ್ಬೇಕೇನು? ಮಗ್ಗಾನ ಮತ್ತ ಶುರು ಮಾಡಬಹುದು. ನನ್ನ ಯಾರು ಶುರು ಮಾಡ್ತಾರ? ನಾ ಒಲ್ಲೆ.”

ದೊಡ್ಡವ್ವ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ನನ್ನ ಬೆನ್ನಿಗೂ ಒಂದು ತಟ್ಟಿದಳು. “ಡಾಕ್ಟರ್ ಅಷ್ಟು ತಿಳಿಸಿ ಹೇಳಿದ್ದನ್ನ ಒಂದ ಆಟದಾಗ ಕೆಡಿಸಿದೆಲ್ಲೋ ಮಂಗ್ಯಾ! ನೀನ ಕರ್ಕೊಂಡ ಹೋಗಿ ಸರಿ ಮಾಡ್ಕೊಂಡ ಬಾ.”

ಮತ್ತೆ ಬೆಂಗಳೂರಿಗೆ ಹೋದಾಗ ಅಕ್ಕ ಸರ್ಜನ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು. “ಮಾಡಿ ತೋರಿಸಿ, ನೋಡೋಣ” ಎಂದರು ಅವರು. ಅವರ ಮುಂದೆ ನಾನು ಅವರೇ ಆಗಬೇಕು! ಕನ್ನಡಕವಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ತಮ್ಮದನ್ನೇ ತೆಗೆದು ಕೊಟ್ಟರು. ಆ ಮಂಜುಮಂಜಿನಲ್ಲೇ ಆಪರೇಷನ್ ಮುಗಿಸಿದೆ.

“ದನಿ ಚೆನ್ನಾಗಿದೆ. ಆದ್ರೆ ಮಷೀನ್ ಮರೆತು ಪೇಷಂಟನ್ನೇ ಕೊಂದ್ರಲ್ಲ” ಎಂದು ಅಕ್ಕನತ್ತ ತಿರುಗಿದರು. “ಹೃದಯ ತೆಗೆಯೋ ಮೊದಲೇ ರಕ್ತ ಓಡಿಸೋ ಕೆಲಸ ಮಷೀನಿಗೆ ಕೊಡ್ತೀವಮ್ಮ. ಕೆಲವರಿಗೆ ಮೊದಲು ಹೃದಯ, ಆಮೇಲೆ ಲಿವರ್. ನಿಮಗೆ ಎರಡನ್ನೂ ಒಂದರಿಂದೊಂದು ಬಿಡಿಸದೆ ಒಟ್ಟಿಗೇ ಕೂರಿಸ್ತೀವಿ. ಎರಡೂ ಕೆಲಸ ಹಿಡಿಯೋವರೆಗೂ ಮಷೀನ್ ನಿಲ್ಲಲ್ಲ. ಅಪಾಯ ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮಗ್ಗದ ಥರ ನಿಮ್ಮನ್ನ ನಿಲ್ಲಿಸಿಡಲ್ಲ.”

ಅಕ್ಕ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು. ಸರ್ಜನ್‌ರ ಕನ್ನಡಕ ಇನ್ನೂ ನನ್ನ ಮೂಗಿನ ಮೇಲೇ ಇತ್ತು. ಕನ್ನಡಕ ತೆಗೆದು, ಒರೆಸಿ, ಅವರದೇ ದನಿಯಲ್ಲಿ ಕೇಳಿದೆ: “ನೋಡಿ ಇವ್ರೇ, ಇನ್ನೇನಾದ್ರೂ ಅನುಮಾನ?”

ಅಕ್ಕ ನನ್ನತ್ತ ತಿರುಗಿಯೂ ನೋಡದೆ ಸರ್ಜನ್‌ಗೆ ಹೇಳಿದಳು: “ಒಪ್ಪಿದೆರಿ ಸಾಹೇಬ್ರ. ನನ್ನ ಹೊಲಿದಾದ ಮ್ಯಾಲೆ ದಾರ ಉಳದ್ರ, ಇವನ ಬಾಯಿಗೂ ಎರಡ ಹೊಲಿಗಿ ಹಾಕ್ರಿ.”